ಒಂದೇ ಮನೆಯ ಈರುಳ್ಳಿ

ಕಾರ್ತಿಕ ಮಾಸದ ಮೊದಲ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಚಳಿ ಇನ್ನೂ ಬಿದ್ದಿರಲಿಲ್ಲ. ರಿಚರ್ಡ್ಸ್ ಟೌನಿನ ಪಾರ್ಕಿನ ಕಲ್ಲುಬೆಂಚಿನ ಮೇಲೆ ನೌರೀನ್ ಆಂಟಿ ಬೀಜದ ಪೊಟ್ಟಣಗಳನ್ನು ಹರಡಿಕೊಂಡು ಕೂತಿದ್ದರು. ತಾರಸಿ ತೋಟದವರ ಗುಂಪಿಗೆ ಅವರೇ ಹಿರಿಯರು. ಆ ವರ್ಷದ ಸ್ಪರ್ಧೆ ಈರುಳ್ಳಿಯದು. ಎಲ್ಲರಿಗೂ ಒಂದೇ ತಳಿಯ ದಪ್ಪ ಗೆಡ್ಡೆಯ ಬೀಜ, ಸಸಿ ಕೊಂಡು ನೆಡುವಂತಿಲ್ಲ, ಏಪ್ರಿಲ್ಲಿಗೆ ಯಾರ ಗೆಡ್ಡೆ ಹೆಚ್ಚು ತೂಗುತ್ತದೋ ಅವರು ಗೆದ್ದಂತೆ. ಒಂದು ಮನೆಗೆ ಒಂದೇ ಪೊಟ್ಟಣ.

ಸುಕನ್ಯ ಕಗ್ಗದಾಸಪುರದಿಂದ ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಉಳಿದದ್ದು ಒಂದು ಪೊಟ್ಟಣ. ಅವಳು ಕೈಚಾಚಿದಾಗ ಪಕ್ಕದಿಂದ ಇನ್ನೊಂದು ಕೈಯೂ ಬಂತು. ಉದ್ದ ಬೆರಳು, ಶುಚಿಯಾಗಿ ಕತ್ತರಿಸಿದ ಉಗುರು.

"ನೀವಿಬ್ರೂ ಒಂದೇ ಮನೆಯವರಾ?" ಕೇಳಿದರು ನೌರೀನ್ ಆಂಟಿ.

"ಹೌದು," ಎಂದಳು ಸುಕನ್ಯ.

ಮೂವತ್ತಾರು ತುಂಬಿದ, ಸ್ವಂತ ಟೈಲರಿಂಗ್ ಅಂಗಡಿ ಇಟ್ಟ ಹೆಣ್ಣು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೇ ಮೊದಲು. ಅಷ್ಟು ದೂರ ಬಂದವಳು ಬರಿಗೈಲಿ ಹೋಗಲು ಒಲ್ಲಳು, ಅಷ್ಟೆ.

ನೌರೀನ್ ಆಂಟಿ ಸ್ಪರ್ಧೆಯ ಕಾರ್ಡಿನಲ್ಲಿ ಇಬ್ಬರ ಹೆಸರನ್ನೂ ಬರೆದರು. ಸುಕನ್ಯ, ಸುಗತ.

ಗೇಟಿನ ಹೊರಗೆ ಬಂದ ಮೇಲೆ ಸುಗತ ಗಂಟಲು ಸರಿಮಾಡಿಕೊಂಡ. "ನಮ್ಮ ಮನೆ ಎಲ್ಲಿದೆ ಅಂತ ಕೇಳ್ಬಹುದಾ?"

"ಕಗ್ಗದಾಸಪುರ. ಮೂರು ಮಹಡಿ, ಮೇಲೆ ತಾರಸಿ. ನಿಮ್ಮದು?"

"ಹಲಸೂರು. ಬಾಲ್ಕನಿಗೆ ಬಿಸಿಲು ಬರೋದೇ ಒಂದು ಗಂಟೆ."

"ಹಂಗಾದ್ರೆ ತಾರಸಿ ನಂದು, ಗೊಬ್ಬರ ಹೊರೋದು ನಿಮ್ಮದು."

ಅವನು ನಗಲಿಲ್ಲ. ಆದರೆ ಕಣ್ಣಿನ ಮೂಲೆಯಲ್ಲಿ ಏನೋ ಸಡಿಲವಾದದ್ದನ್ನು ಅವಳು ಕಂಡಳು. ಬಸ್ಸಿನಲ್ಲಿ ಮನೆ ತಲುಪುವವರೆಗೂ ಅದನ್ನೇ ನೆನೆದಳು.

ಸುಗತ ಇಂದಿರಾನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ವಾರಕ್ಕೆ ಮೂರು ದಿನ ಡ್ಯೂಟಿಗೆ ಮುಂಚೆ ತಾರಸಿಗೆ ಬರುತ್ತಿದ್ದ. ಟ್ರೇಯಲ್ಲಿ ಬೀಜ ಬಿತ್ತಿದ ಎಂಟನೇ ದಿನ ಮೊಳಕೆಗಳು ಮಂಡಿ ಮಡಚಿದ ಹಾಗೆ ಬಾಗಿಕೊಂಡು ಮಣ್ಣಿಂದ ಎದ್ದವು. ಇಬ್ಬರೂ ಟ್ರೇ ಮೇಲೆ ಬಗ್ಗಿದಾಗ ಹಣೆಗೆ ಹಣೆ ತಾಗಿತು.

"ಎಣಿಸ್ತಿದ್ದೆ," ಎಂದ.

"ಎಷ್ಟು?"

"ಮರೆತೋಯ್ತು."

ಸಂಕ್ರಾಂತಿಗೆ ಮುಂಚೆ, ಗಟ್ಟಿಯಾದ ಹತ್ತು ಸಸಿಗಳನ್ನು ಆರಿಸಿ ಹತ್ತು ಚೀಲಗಳಿಗೆ ನೆಟ್ಟರು. ಗೆಡ್ಡೆ ಊದತೊಡಗಿದಾಗ ಸುಕನ್ಯ ಅಂಗಡಿಯ ಟೇಪನ್ನೇ ತಂದು ಸುತ್ತಳತೆ ತೆಗೆದಳು. "ಹನ್ನೊಂದು ಇಂಚು. ಇನ್ನೆರಡು ವಾರಕ್ಕೆ ಬ್ಲೌಸು ಹೊಲೀಬೇಕಾಗುತ್ತೆ." ಆವತ್ತು ಸುಗತ ಮನಸಾರೆ ನಕ್ಕ. ಆ ನಗು ಕೆಳಗಿನ ಮಹಡಿಗೂ ಕೇಳಿಸಿತು.

ಕೆಳಗೆ ಅವಳ ಅಪ್ಪ ಮುನಿಆಂಜನಪ್ಪ ಕೂತಿದ್ದ. ಈಗ ಮನೆ ನಿಂತಿರುವ ಜಾಗದಲ್ಲೇ ನಲವತ್ತು ವರ್ಷ ಈರುಳ್ಳಿ, ರಾಗಿ ಬೆಳೆದವನು. ಸುಗತ ಇಳಿದು ಬಂದಾಗ ಕೂರಿಸಿ ಕೇಳಿದ: "ಯಾವ ಕಡೆಯೋರಪ್ಪ?"

"ಹಲಸೂರು, ಯಜಮಾನ್ರೇ."

"ಅದಲ್ಲ. ಯಾರ ಪೈಕಿ?"

"ಬೌದ್ಧರು. ಅದಕ್ಕೆ ಮುಂಚೆ ಏನು ಅಂತ ನೀವು ಕೇಳ್ತಿರೋದು. ನೀವು ಅಂದ್ಕೊಂಡಿದ್ದೇ."

ಮುಂದಿನ ಸಲ ಸುಗತನಿಗೆ ಕಾಫಿ ಪೇಪರ್ ಕಪ್ಪಿನಲ್ಲಿ ಬಂತು. ಅಪ್ಪನ ಅಪ್ಪಣೆ ಅದು. ಸುಕನ್ಯ ತನ್ನ ಸ್ಟೀಲ್ ಲೋಟದ ಕಾಫಿಯನ್ನು ಇನ್ನೊಂದು ಪೇಪರ್ ಕಪ್ಪಿಗೆ ಸುರಿದುಕೊಂಡು ಅಪ್ಪನ ಎದುರಿಗೇ ಕುಡಿದಳು. ಅಂದಿನಿಂದ ಆ ಮನೆಯಲ್ಲಿ ಅವಳು ನೀರನ್ನೂ ಪೇಪರ್ ಕಪ್ಪಿನಲ್ಲೇ ಕುಡಿದಳು.

"ಆ ಕಾರ್ಡಲ್ಲಿ ಅವನ ಹೆಸರು ಹೊಡೆದು ಹಾಕು," ಎಂದ ಅಪ್ಪ. "ಅಲ್ಲೀವರೆಗೂ ನಾನು ತಾರಸಿ ಹತ್ತಲ್ಲ."

"ಹತ್ಬೇಡ," ಎಂದಳು.

ಶಿವರಾತ್ರಿ ಕಳೆದ ವಾರ ಬೆಳಿಗ್ಗೆ ಸುಕನ್ಯಳ ಜೊತೆ ಮೇಲೆ ಹೋದ ಸುಗತ ಬಾಗಿಲಲ್ಲೇ ನಿಂತುಬಿಟ್ಟ. ಹತ್ತೂ ಗಿಡಗಳ ಕತ್ತು ಮುರಿದಿತ್ತು. ಹಸಿರು ಸೊಪ್ಪು ನೆಲ ಕಚ್ಚಿತ್ತು. ಗೆಡ್ಡೆ ಇನ್ನು ಊದುವಂತಿಲ್ಲ.

"ನಮ್ಮ ತಾತನ ಕಾಲದಿಂದ ನೋಡಿದೀವಿ," ಎಂದ ಅವನು ಮೆಲ್ಲಗೆ. "ಮೊದಲು ಪೈರಿಗೆ ಕೈಹಾಕ್ತಾರೆ, ಆಮೇಲೆ ಮನುಷ್ಯನಿಗೆ. ನಿಂಗೇನೂ ಆಗ್ಬಾರ್ದು. ನನ್ನ ಹೆಸರು ತೆಗೆದುಬಿಡು, ಸುಕನ್ಯ." ಅವಳು ಕರೆಯುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದ.

ಅವಳು ಕೂತು ಗಿಡಗಳನ್ನು ನೋಡಿದಳು. ಹತ್ತೂ ಪೂರ್ವಕ್ಕೇ ಮಲಗಿದ್ದವು. ಒಂದರ ಗೆಡ್ಡೆಗೂ ಉಗುರು ತಾಗಿರಲಿಲ್ಲ. ಸಿಟ್ಟಿನವರು ಹಾಗೆ ಮುರಿಯುವುದಿಲ್ಲ. ಹೊಲದಲ್ಲಿ ಈರುಳ್ಳಿ ಬಲಿಯುವ ಹೊತ್ತಿಗೆ ಅಪ್ಪ ಸಾಲು ಹಿಡಿದು ಸೊಪ್ಪು ತುಳಿದು ಮಲಗಿಸುತ್ತಿದ್ದದ್ದು ಅವಳಿಗೆ ನೆನಪಿತ್ತು.

ಕೆಳಗಿಳಿದು ಹೋಗಿ ಕೇಳಿದಳು. "ನೀನೇನಪ್ಪ ಮುರಿದಿದ್ದು?"

ಮುನಿಆಂಜನಪ್ಪ ತಲೆ ಎತ್ತಲಿಲ್ಲ. "ಹೊತ್ತು ಮೀರಿತ್ತು. ಮಲಗಿಸದೆ ಬಿಟ್ರೆ ಕತ್ತು ದಪ್ಪ ಆಗಿ ಕೊಳೆಯುತ್ತೆ. ದಿನಾ ಮಧ್ಯಾಹ್ನ ಹತ್ತಿ ನೋಡ್ತಿದ್ದೆ. ನಿಮಗಿಬ್ರಿಗೂ ತಿಳೀಲಿಲ್ಲ."

"ಇದು ಸಂತೆಗೆ ಬೆಳೆದಿದ್ದಲ್ಲ. ಇನ್ನೂ ಒಂದು ತಿಂಗಳು ಊದಬೇಕಿತ್ತು."

"ನಂಗೆ ಹೇಳಿದ್ಯಾ?" ಎಂದ ಮುದುಕ. ಆಮೇಲೆ, "ಆ ಹುಡುಗನಿಗೆ ಮಣ್ಣಿನ ಕೆಲಸ ಬರುತ್ತೆ. ಆದ್ರೆ ಕೆಲಸ ಬೇರೆ, ಸಂಬಂಧ ಬೇರೆ."

"ಅವುಗಳ ಕತ್ತು ಬಗ್ಗಿಸಿದೆ, ಆಯ್ತು. ನಂದು ಬಗ್ಗಲ್ಲ."

ಅದೇ ದಿನ ಅವಳು ಇಂದಿರಾನಗರದ ಲ್ಯಾಬಿಗೆ ಹೋಗಿ ಟೋಕನ್ ತೆಗೆದುಕೊಂಡು ಸಾಲಿನಲ್ಲಿ ಕೂತಳು. ನಂಬರ್ ಕರೆದಾಗ ಒಳಗೆ ಹೋಗಿ ಕುರ್ಚಿಯ ಮೇಲೆ ತೋಳು ಚಾಚಿದಳು. ಸುಗತ ಸೂಜಿ ಕೆಳಗಿಟ್ಟ.

"ಏನು ಟೆಸ್ಟು?"

"ಧೈರ್ಯ ಎಷ್ಟಿದೆ ನೋಡ್ಬೇಕಿತ್ತು. ನಂದಲ್ಲ, ನಿಂದು."

"ಸುಕನ್ಯ, ಹೊರಗೆ ಹನ್ನೆರಡು ಜನ ಕಾಯ್ತಿದಾರೆ."

"ಕಾಯ್ಲಿ. ಮುರಿದಿದ್ದು ನಮ್ಮಪ್ಪ, ನಮ್ಮ ಒಳ್ಳೇದಕ್ಕೆ ಅಂತ. ಅವರು ಒಳ್ಳೇದು ಮಾಡೋದೇ ಹಂಗೆ. ಅದಕ್ಕೆ ಹೆದರಿ ನೀನು ಹೋದ್ರೆ, ಗೆಡ್ಡೆ ಹೋಗಿದ್ದಕ್ಕಿಂತ ದೊಡ್ಡ ನಷ್ಟ ನಂಗೆ. ನಾನು ಮದುವೆ ಅಂತ ಕೇಳ್ತಿದೀನಿ, ನೀನು ಹೂಂ ಅನ್ನಬೇಕು."

ಅವನು ಅವಳ ಮಣಿಕಟ್ಟು ಹಿಡಿದ. ನಾಡಿ ನೋಡುವಂತೆ ಹಿಡಿದವನು ಬಿಡಲಿಲ್ಲ.

"ಹೂಂ," ಎಂದ. "ನಿನ್ನಷ್ಟು ಧೈರ್ಯ ಇಲ್ಲ. ಇರೋದನ್ನೆಲ್ಲ ಕೊಡ್ತೀನಿ."

ಏಪ್ರಿಲ್ಲಿನ ಭಾನುವಾರ ಅವರ ಈರುಳ್ಳಿ ನಾನೂರ ಮೂವತ್ತು ಗ್ರಾಂ ತೂಗಿತು. ಗೆದ್ದದ್ದು ಏಳುನೂರು ದಾಟಿತ್ತು. ಇಪ್ಪತ್ತೆರಡು ಮನೆಗಳಲ್ಲಿ ಇವರದು ಹದಿನಾಲ್ಕನೆಯದು. ಆದರೂ ಸುಕನ್ಯ ಎರಡೂ ಹೆಸರಿನ ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಗೆಡ್ಡೆಗೆ ಒರಗಿಸಿ ನಿಲ್ಲಿಸಿದಳು. ಕಗ್ಗದಾಸಪುರದ ಕಡೆಯ ಇಬ್ಬರು ಓದಿ ಮುಖ ಮುಖ ನೋಡಿಕೊಂಡರು. ಅವಳು ಅವರತ್ತ ತಿರುಗಿ, "ಸರಿಯಾಗೇ ಓದಿದ್ರಿ," ಎಂದಳು.

ಆಮೇಲೆ ನೌರೀನ್ ಆಂಟಿಯ ಬಳಿ ತಪ್ಪೊಪ್ಪಿಕೊಂಡಳು. "ಆವತ್ತು ಸುಳ್ಳು ಹೇಳಿದ್ದೆ, ಆಂಟಿ. ಇವರು ಯಾರು ಅಂತಾನೇ ಗೊತ್ತಿರಲಿಲ್ಲ."

"ಅರೆ ಬೇಟಾ, ನಂಗೆ ಆವತ್ತೇ ಗೊತ್ತಿತ್ತು. ಒಂದೇ ಮನೆಯವರು ಹಂಗೆ ಒಬ್ಬರ ಮುಖ ಒಬ್ಬರು ನೋಡಲ್ಲ."

ಮದುವೆಯ ವಿಷಯವನ್ನು ಸುಕನ್ಯ ಮನೆಯಲ್ಲಿ ಬಚ್ಚಿಡಲಿಲ್ಲ. ದಿನ, ಹೊತ್ತು ಎಲ್ಲ ಹೇಳಿದಳು. ಅಪ್ಪ ಬೇಡ ಎಂದ, ಮತ್ತೆ ಬೇಡ ಎಂದ, ಕೊನೆಗೆ ಗೋಡೆಯ ಕಡೆ ತಿರುಗಿ ಕೂತ. ಹೊರಡುವ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ತಾಯಿ ಗಂಗಲಕ್ಷ್ಮಮ್ಮ ರೇಷ್ಮೆ ಸೀರೆಯುಟ್ಟು ಒಳಗಿಂದ ಬಂದಳು. ನಲವತ್ತೈದು ವರ್ಷ ಗಂಡನ ಮಾತಿಗೆ ಎದುರು ಮಾತು ಆಡದ ಹೆಂಗಸು.

"ಎಲ್ಲಿಗೆ?" ಎಂದ ಮುನಿಆಂಜನಪ್ಪ.

"ಸಾಕ್ಷಿ ಹಾಕೋಕೆ," ಎಂದಳು ಅವಳು. "ನಂಗೆ ರುಜು ಬರುತ್ತೆ. ಅಷ್ಟಂತೂ ಕಲ್ತಿದೀನಿ."

ಆಟೋದಲ್ಲಿ ಕೆ.ಆರ್. ಪುರದ ರಿಜಿಸ್ಟ್ರಾರ್ ಆಫೀಸಿಗೆ ತಾಯಿ ಮಗಳಿಬ್ಬರೂ ಹೋದರು. ತಾಯಿ ಸಂಜೆಗೆ ಮರಳಿ ಬಂದು ಒಲೆ ಹಚ್ಚಿದಳು. ಮಗಳು ಸುಗತನ ಜೊತೆ ಹಲಸೂರಿಗೆ ಹೋದಳು.