ಮೂಗಿನ ಉಪವಾಸ

“ಮಾಮಾ, ಸಾಕು! ಎಲ್ರೂ ನೋಡ್ತಾ ಇದ್ದಾರೆ!” ರಮಿತಾ ಮಾಮನ ಅಂಗಿ ಜಗ್ಗಿದಳು.

ತಾರಾನಾಥ ಮಾಮನಿಗೆ ಅದೆಲ್ಲಿ ಕೇಳಬೇಕು? ಮುಂಬಯಿ ಹತ್ತಿರದ ಠಾಕುರ್ಲಿ ಸ್ಟೇಷನ್ನಿನ ಹೊರಗೆ, ತರಕಾರಿ ಗಾಡಿಯ ಮುಂದೆ, ಕೊತ್ತಂಬರಿ ಕಟ್ಟಿನೊಳಗೆ ಮೂಗು ತೂರಿಸಿ, ಕಣ್ಣು ಮುಚ್ಚಿ ನಿಂತುಬಿಟ್ಟಿದ್ದರು. ಅಂಟಾರ್ಟಿಕಾದಲ್ಲಿರುವ ನಮ್ಮ ದೇಶದ ವಿಜ್ಞಾನಿಗಳಿಗೆ ಒಂದು ವರ್ಷ ಅಡುಗೆ ಮಾಡಿ ಹಾಕಿ, ಅವರು ಊರಿಗೆ ಮರಳಿದ್ದು ಮೊನ್ನೆಯಷ್ಟೇ.

ಗಾಡಿಯ ಮೌಶಿ ಸೊಂಟಕ್ಕೆ ಕೈಯಿಟ್ಟಳು. “ಅಹೋ ಭಾವು, ಕೋಥಿಂಬೀರ್ ಘ್ಯಾಯ್ಚೀ ಕೀ ನುಸ್ತಾ ವಾಸ ಘ್ಯಾಯ್ಚಾ?”

ಕೊಳ್ಳುತ್ತೀಯೋ, ಬರೀ ಮೂಸುತ್ತೀಯೋ ಎಂದು ಅರ್ಥ. ಮರಾಠಿಯಲ್ಲಿ ‘ವಾಸ’ ಎಂದರೆ ವಾಸನೆ.

ಅಷ್ಟರಲ್ಲಿ ರಮಿತಾಳ ಕ್ಲಾಸಿನ ಅನುಷ್ಕಾ ಟ್ಯೂಷನ್ ಬ್ಯಾಗ್ ಕುಣಿಸುತ್ತ ಬಂದಳು. “ಏ ರಮಿತಾ, ದೇಖ್ ನಾ, ಆ ಅಂಕಲ್ ಪೂರಾ ಮೇಕೆ! ನಿಮ್ಮವರಾ?”

“ಛೆ! ನಂಗೆ ಗೊತ್ತೇ ಇಲ್ಲ.”

ಮಾತು ಬಾಯಿಂದ ಜಾರಿಯೇಬಿಟ್ಟಿತು. ಅನುಷ್ಕಾ ನಗುತ್ತ ಪಕ್ಕದ ವಡಾಪಾವ್ ಕ್ಯೂ ಸೇರಿದಳು. ರಮಿತಾ ತಿರುಗಿ ನೋಡಿದರೆ ಮಾಮನ ಕಣ್ಣು ತೆರೆದಿತ್ತು. ಕೇಳಿಸಿತೆ?

ಮಾಮ ಎರಡು ಕಟ್ಟು ಕೊಂಡು ಬಂದರು. “ನುಸ್ತಾ ವಾಸ ಘ್ಯಾಯ್ಚಾ?” ಎಂದು ಥೇಟ್ ಮೌಶಿಯ ದನಿಯಲ್ಲೇ ಅಣಕಿಸಿದರು. “ಅಲ್ಲಿ ನಂಗೆ ಕನ್ನಡದ ವಾಸ ಇತ್ತು ಮಾರಾಯ್ತಿ, ಮರಾಠಿಯ ವಾಸ ಇರ್ಲಿಲ್ಲ! ಮರ ಇಲ್ಲ, ಮಣ್ಣಿಲ್ಲ, ಹಿಮಕ್ಕೆ ವಾಸನೆಯೇ ಇಲ್ಲ. ಅಡುಗೆಮನೆ ಬಿಟ್ರೆ ಮೂಗಿಗೆ ವರ್ಷವಿಡೀ ಉಪವಾಸ. ಈಗ ಗಟಾರದ ಹತ್ರ ನಿಂತ್ರೂ ಖುಷಿ!”

ರಮಿತಾಳಿಗೆ ನಗು ಬರಲಿಲ್ಲ. “ಮಾಮಾ… ನಾನು ಹೇಳಿದ್ದು ಕೇಳಿಸ್ತಾ?”

“ಕೇಳಿಸ್ತು.”

“ಸಿಟ್ಟು ಬರ್ಲಿಲ್ವಾ?”

“ಬಂತು. ಸ್ವಲ್ಪ.” ಮಾಮ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. “ಅಲ್ಲಿ ಇಪ್ಪತ್ತಮೂರು ಜನ, ಒಂದೇ ಸೂರು. ಒಂದಿನ ಡಾಕ್ಟರ್ ಜಯಶೀಲ ನನ್ನ ಸಾಂಬಾರಿಗೆ ‘ಬೆಲ್ಲದ ನೀರು’ ಅಂದ್ರು. ಬಾಗಿಲು ಬಡಿದು ಹೊರಗೆ ಹೋಗುವಾ ಅಂದ್ರೆ ಹೊರಗೆ ಮೈನಸ್ ಮೂವತ್ತು! ಎಲ್ಲಿಗೆ ಹೋಗುದು? ಅವರ ಪಕ್ಕದಲ್ಲೇ ಕೂತೆ. ನಾಲ್ಕನೇ ದಿನ ಅವರೇ ನಂಗೆ ಚೆಸ್ ಕಲಿಸಿದ್ರು. ಅಲ್ಲಿಗೆ ಹೋಗುವಾಗ ಹೆದರಿದ್ದೆ. ಅವರನ್ನೆಲ್ಲ ಬಿಟ್ಟು ಬರುವಾಗ, ನಗಬೇಡ ಆಯ್ತಾ, ಅಳು ಬಂತು.”

ಅಷ್ಟು ಹೇಳಿ ಮಾಮ ಮನೆಯ ಕಡೆ ಹೆಜ್ಜೆ ಹಾಕಿದರು. ಎರಡು ಬೈದಿದ್ದರೆ ಸುಲಭವಾಗುತ್ತಿತ್ತು ಎನ್ನಿಸಿತು ರಮಿತಾಳಿಗೆ.

ಅವಳು ಮಾಮನ ಕೈ ಹಿಡಿದು ಎಳೆದಳು. ಮನೆಯ ಕಡೆಗಲ್ಲ, ವಡಾಪಾವ್ ಕ್ಯೂ ಕಡೆಗೆ.

“ಅನುಷ್ಕಾ, ಇವ್ರು ನನ್ನ ಮಾಮ. ಆಗ ನಾನು ಸುಳ್ಳು ಹೇಳ್ದೆ.”

ಅನುಷ್ಕಾ ಮಾಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕ್ಯೂನಲ್ಲಿದ್ದ ಮೂರ್ನಾಲ್ಕು ಜನರೂ ನೋಡಿದರು. ರಮಿತಾಳ ಕಿವಿ ಬಿಸಿಯಾಯಿತು. ಓಡಿಹೋಗಲು ಇಡೀ ಠಾಕುರ್ಲಿಯೇ ಇತ್ತು.

ಅವಳು ಮಾಮನ ಪಕ್ಕದಲ್ಲೇ ನಿಂತಳು.