ಮಳೆಗೆ ಮುಂಚಿನ ಲೇಪ

ಅಮ್ಮನ ಮುಖ ಅತ್ತಿಗೆಯ ಪೆಟ್ಟಿಗೆಯಲ್ಲಿತ್ತು. ಇದು ಸರಿಯೆಂದು ಚಿಗುಸಾಳಿಗೆ ಯಾವತ್ತೂ ಅನಿಸಿರಲಿಲ್ಲ.

ಮುಖವೆಂದರೆ ರಾಣಿ ಗೊಂಬೆಯ ಮುಖ. ಮಾರ್ಚ್ ತಿಂಗಳಲ್ಲಿ ಹೆಣ್ಣುಮಕ್ಕಳಿಗಾಗಿ ನಡೆಯುವ ಗೊಂಬೆ ಹಬ್ಬಕ್ಕೆ ಕೂರಿಸುವ ಆ ರಾಜ-ರಾಣಿಯರ ಜೋಡಿ ಅಜ್ಜಿಯ ಕಾಲದ್ದು. ರಾಜನ ಮುಖ ಎಲ್ಲ ರಾಜರ ಮುಖದಂತೆಯೇ ಇತ್ತು. ರಾಣಿಯದು ಮಾತ್ರ ಉದ್ದ ಮುಖ. ಎಡಗಣ್ಣು ಬಲಗಣ್ಣಿಗಿಂತ ಒಂದೆಳೆ ಕೆಳಗೆ, ತುಟಿ ಈಗಷ್ಟೇ ಏನೋ ಹೇಳಿ ಸುಮ್ಮನಾದಂತೆ. ಅಮ್ಮ ಹಾಗೆಯೇ ಇದ್ದಳು. "ಇದು ನಿನಗೇ ಕಣೇ" ಎಂದು ಅವಳು ಹೇಳಿದಾಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಹೋದ ಮೇಲೆ ಮನೆ ಅಣ್ಣ ಶಿಗೆಟೊಗೆ ಬಂತು. ಮನೆಯೊಳಗಿನದೆಲ್ಲ ಮನೆಯ ಜೊತೆಗೇ ಹೋಯಿತು. ಅಣ್ಣನ ಹೆಂಡತಿ ಫುಸಾಯೊಗೆ ಹೆಣ್ಣುಮಕ್ಕಳಿಲ್ಲ. ಆದರೂ ಪ್ರತಿವರ್ಷ ಗೊಂಬೆ ಕೂರಿಸಿ, ಬೀದಿಯವರನ್ನು ಕರೆದು, ಚಿಗುಸಾಳನ್ನೂ ಅತಿಥಿಗಳ ಸಾಲಿನಲ್ಲಿ ಕೂರಿಸಿ ಸಾಕೆ ಎಂಬ ಬಿಳಿ ಅಕ್ಕಿ ಮದ್ಯ ಕೊಡುತ್ತಿದ್ದಳು.

ಚಿಗುಸಾ ಒಮ್ಮೆ ಕೇಳಿಯೂ ನೋಡಿದ್ದಳು.

"ಅತ್ತಿಗೆ, ಆ ರಾಣೀನ ನಂಗೆ ಕೊಡ್ತೀನಿ ಅಂತ ಅಮ್ಮ ಹೇಳಿದ್ರು."

"ಹೇಳಿರಬಹುದು. ಕೊನೇಲಿ ನಂಗೂ ಏನೇನೋ ಹೇಳ್ತಿದ್ರು, ಪಾಪ. ಇನ್ನೊಂಚೂರು ಕುಡಿ."

ಚಿಗುಸಾ ಇನ್ನೊಂಚೂರು ಕುಡಿದಳು. ಯೋಚನೆ ಶುರುವಾದದ್ದು ಆಗ.

ಗೊಂಬೆ ಕದಿಯುವುದು ದಡ್ಡರ ಕೆಲಸ. ಕಾಣೆಯಾದದ್ದನ್ನು ಜನ ಹುಡುಕುತ್ತಾರೆ. ಆದರೆ ಈ ಗೊಂಬೆಗಳ ತಲೆ ಒಂದು ಕಡ್ಡಿಯ ಮೇಲೆ ನಿಂತಿರುತ್ತದೆ, ಕಡ್ಡಿ ಕುತ್ತಿಗೆಯೊಳಗೆ ಇಳಿದಿರುತ್ತದೆ. ಮೆಲ್ಲಗೆ ಎಳೆದರೆ ಬರುತ್ತದೆ. ಒಂದು ತಲೆ ತೆಗೆದು ಇನ್ನೊಂದು ಇಟ್ಟರೆ ಕಾಣೆಯಾದದ್ದು ಏನೂ ಇಲ್ಲ. ಫುಸಾಯೊಗೆ ಕನ್ನಡಕವಿಲ್ಲದೆ ಅನ್ನಕ್ಕೂ ಉಪ್ಪಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅತಿಥಿಗಳು ಬಂದಾಗ ಅವಳು ಕನ್ನಡಕ ಹಾಕುತ್ತಿರಲಿಲ್ಲ.

ದೇವಸ್ಥಾನದ ಹಳೇ ಸಾಮಾನಿನ ಸಂತೆಗಳಲ್ಲಿ ಚಿಗುಸಾ ತಾಳ್ಮೆಯಿಂದ ಹುಡುಕಿದಳು. ಅದೇ ಅಳತೆಯ, ಅದೇ ಕಾಲದ, ಮುಖದಲ್ಲಿ ಯಾವ ವಿಶೇಷವೂ ಇಲ್ಲದ ಒಂದು ರಾಣಿಯ ತಲೆ ಸಿಕ್ಕಿತು. ಚಹಾದ ನೀರನ್ನು ಹತ್ತಿಯಲ್ಲಿ ಅದ್ದಿ ಅದರ ಕೆನ್ನೆಗೆ ವಯಸ್ಸು ತಂದಳು. ಸಣ್ಣ ಚಹಾ ಡಬ್ಬಿಯಲ್ಲಿ ಅದು ಸರಿಯಾಗಿ ಕೂತಿತು.

ಉಳಿದದ್ದು ಎರಡು ಪ್ರಶ್ನೆ. ಪೆಟ್ಟಿಗೆಯ ಬಳಿ ಒಬ್ಬಳೇ ಹೋಗುವುದು ಹೇಗೆ? ಮತ್ತು ಯಾವಾಗ?

ಯಾವಾಗ ಎಂಬುದು ಸುಲಭವಿತ್ತು. ಮಾರ್ಚಿನಲ್ಲಿ ಎತ್ತಿಟ್ಟ ಗೊಂಬೆಗಳನ್ನು ಮುಂದಿನ ಫೆಬ್ರವರಿಯವರೆಗೆ ಯಾರೂ ಮುಟ್ಟುವುದಿಲ್ಲ. ಮಳೆಗಾಲದಲ್ಲಂತೂ ತೇವಕ್ಕೆ ಹೆದರಿ ಮುಚ್ಚಳ ತೆರೆಯುವವರೇ ಇಲ್ಲ. ಮೇ ತಿಂಗಳ ಕೊನೆಯಲ್ಲಿ ಕೆಲಸ ಮುಗಿದರೆ, ಮುಂದೆ ಯಾರಿಗಾದರೂ ಅನುಮಾನ ಬಂದರೂ ಅದನ್ನು ಯಾವ ದಿನಕ್ಕೆ ಗಂಟು ಹಾಕುತ್ತಾರೆ?

ಮೇ ಕೊನೆಯಲ್ಲಿ ಆ ಬೀದಿಯವರೆಲ್ಲ ಮಳೆಗೆ ಮುಂಚೆ ಮನೆಯ ಮುಂದಿನ ಮರದ ಜಾಲಂದ್ರಗಳಿಗೆ ಬಣ್ಣ ಬಳಿಯುತ್ತಾರೆ. ಮೊದಲ ದಿನ ಕೆಮ್ಮಣ್ಣಿನ ಲೇಪ. ಅದು ಒಣಗಿದ ಮೇಲೆ, ನೀರು ಒಳಗಿಳಿಯದಂತೆ ಕಾಕಿ ರಸದ ಲೇಪ. ಕಾಕಿ ಎಂಬ ಹಣ್ಣಿನ ಹಸಿರು ಕಾಯಿಗಳನ್ನು ಜಜ್ಜಿ, ಹಿಂಡಿ, ಹುಳಿ ಬರಿಸಿ ವರ್ಷಗಟ್ಟಲೆ ಇಟ್ಟ ಒಗರು ರಸ ಅದು. ಚಿಗುಸಾ ಅದನ್ನು ತಾನೇ ಮಾಡುತ್ತಿದ್ದಳು, ಅದರಿಂದ ಚೀಲಗಳಿಗೆ ಬಣ್ಣ ಹಾಕುತ್ತಿದ್ದಳು, ಶನಿವಾರಗಳಲ್ಲಿ ಊರಿನ ಸಭಾಭವನದಲ್ಲಿ ತರಗತಿಯನ್ನೂ ನಡೆಸುತ್ತಿದ್ದಳು. ತವರುಮನೆಯ ಜಾಲಂದ್ರ ಪ್ರತಿವರ್ಷ ಅವಳ ಕೈಯಿಂದಲೇ ಆಗುತ್ತಿತ್ತು. ಈ ಒಂದು ಹಕ್ಕನ್ನು ಅತ್ತಿಗೆ ಕಿತ್ತುಕೊಂಡಿರಲಿಲ್ಲ, ಯಾಕೆಂದರೆ ಆ ರಸ ನಾರುತ್ತಿತ್ತು.

ವಾಸನೆಯೇ ಚಿಗುಸಾಳ ಯೋಜನೆಯ ಬೆನ್ನೆಲುಬು. ಅಂಗಡಿಯಲ್ಲಿ ಈಗ ವಾಸನೆ ತೆಗೆದ ರಸ ಸಿಗುತ್ತದೆ. ಅವಳು ತನ್ನ ಹಳೇ ಗಡಿಗೆಯ ತಳದ್ದನ್ನೇ ಆರಿಸಿದಳು.

ಪೆಟ್ಟಿಗೆ ಮಾತ್ರ ತೊಡಕಾಗಿತ್ತು. ಅದು ಮಹಡಿಯ ಗೋಡೆಬೀರುವಿನ ಒಳಗೆ, ಹಾಸಿಗೆಗಳ ಹಿಂದೆ ಇತ್ತು. ಹೊರಗೆಳೆಯಲು ಇಬ್ಬರು ಬೇಕು. ಏಪ್ರಿಲ್‌ನಲ್ಲಿ ಚಹಾಕ್ಕೆ ಹೋದಾಗ ಅವಳು ಆ ಮಾತು ತೆಗೆದಳು.

"ಈ ವರ್ಷ ಮಳೆ ಜೋರಂತೆ ಅತ್ತಿಗೆ. ಬೀರು ಒಳಗೆ ಗೊಂಬೆ ಕೂದಲಿಗೆ ಬೂಷ್ಟು ಹಿಡಿಯುತ್ತೆ. ದಕ್ಷಿಣದ ಕಿಟಕಿ ಹತ್ರ ಮರದ ಪೆಟಾರಿ ಇದೆಯಲ್ಲ, ಅದರ ಮೇಲಿಡಿ. ಗಾಳಿ ಆಡುತ್ತೆ."

"ಬಿಸಿಲು ಬೀಳಲ್ವೇನೇ?"

"ಬಿದ್ರೆ ಮುಚ್ಚಳದ ಮೇಲೆ ಬೀಳುತ್ತೆ. ಒಳಗೇನೂ ಆಗಲ್ಲ."

ಫುಸಾಯೊ ಗಂಡನನ್ನು ಕರೆದು ಅಂದೇ ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಡಿಸಿದಳು. ಮುಚ್ಚಳ ಕಿರಿ ಎಂಬ ಹಗುರ ಮರದ್ದು, ಹಾಲಿನಷ್ಟು ಬಿಳುಪು.

ಕೆಮ್ಮಣ್ಣು ಬಳಿದ ದಿನ ಚಿಗುಸಾ ಒಳಗೆ ಕಾಲಿಡಲಿಲ್ಲ. ಕೆಂಪು ಬಣ್ಣ ಮುಟ್ಟಿದಲ್ಲೆಲ್ಲ ಅಂಟುತ್ತದೆ; ಕೆಂಪಾದ ಕೈಯಲ್ಲಿ ಮಹಡಿ ಹತ್ತುವುದು ದಡ್ಡತನ. ಮರುದಿನ, ರಸದ ದಿನ, ಅವಳು ಬಕೆಟ್ಟಿನ ಮುಚ್ಚಳ ತೆಗೆದು ಗಾಳಿಯ ದಿಕ್ಕು ನೋಡಿ ಬಾಗಿಲ ಪಕ್ಕ ಇಟ್ಟಳು.

"ಅಯ್ಯೋ ದೇವರೇ!" ಫುಸಾಯೊ ಮೂಗಿಗೆ ತೋಳು ಒತ್ತಿಕೊಂಡು ಹೊರಬಂದಳು. "ಏನೇ ಇದು, ಬಕೆಟ್ಟಲ್ಲಿ ಯಾರಾದ್ರೂ ಸತ್ತಿದ್ದಾರಾ?"

"ಹಳೇದಾದಷ್ಟೂ ಒಳ್ಳೇದು ಅತ್ತಿಗೆ."

"ನಾನಂತೂ ಊರಿನ ಬಿಸಿನೀರ ಸ್ನಾನದ ಮನೆಗೆ ಹೋಗ್ತೀನಿ. ನಿಮ್ಮಣ್ಣ ಆಗಲೇ ಮೀನಿನ ನೆಪ ಹೇಳಿ ಹೊಳೆಗೆ ಓಡಿದ್ರು." ಚಿಗುಸಾ ಆಗಲೇ ಬಳಿದಿದ್ದ ಒಂದೆರಡು ಪಟ್ಟಿಗಳನ್ನು ಅವಳು ಬಗ್ಗಿ ನೋಡಿದಳು. "ಇದೇನು, ಬರೀ ನೀರು ಬಳಿದ ಹಾಗಿದೆ. ಏನೂ ಕಾಣಿಸ್ತಾನೇ ಇಲ್ಲ."

ತರಗತಿಯಲ್ಲಿ ಹೊಸಬರೆಲ್ಲ ಕೇಳುವುದು ಇದನ್ನೇ. ಚಿಗುಸಾ ಅಲ್ಲಿ ಕೊಡುವ ಉತ್ತರವನ್ನೇ ಕೊಟ್ಟಳು.

"ಇವತ್ತು ನೋಡಬೇಡಿ. ಬಿಸಿಲು ಬಿದ್ದೂ ಬಿದ್ದೂ ಬಣ್ಣ ಬರುತ್ತೆ. ಗೊಂಬೆ ಹಬ್ಬದ ಹೊತ್ತಿಗೆ ನೋಡಿ."

"ಅಷ್ಟು ದಿನ ಯಾರು ನೆನಪಿಟ್ಕೋತಾರೆ" ಎನ್ನುತ್ತ ಫುಸಾಯೊ ಟವೆಲ್ ಹೆಗಲಿಗೆ ಹಾಕಿಕೊಂಡು ಹೋದಳು.

ಪಕ್ಕದ ಮನೆಯ ನುಕಾಗಾ ಏಣಿಯ ಮೇಲಿಂದ ಕೂಗಿದ. "ಚಿಗುಸಾ ಅವ್ರೇ, ನಿಮ್ಮ ವಾಸನೆಗೆ ನಮ್ಮ ಬೆಕ್ಕು ನೆಂಟರ ಮನೆಗೆ ಹೋಯ್ತು!"

"ಮಳೆಗಾಲ ಮುಗಿದ ಮೇಲೆ ಬರುತ್ತೆ ಬಿಡಿ."

"ಆ ಸೊಟ್ಟ ಬೆರಳಲ್ಲಿ ಬ್ರಷ್ ಅದು ಹೇಗೆ ಹಿಡೀತೀರೋ! ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ, ಇವತ್ತಿಗೂ ಅರ್ಥ ಆಗಿಲ್ಲ."

ಬಲಗೈಯ ಉಂಗುರದ ಬೆರಳು. ಚಿಕ್ಕವರಿದ್ದಾಗ ಅಣ್ಣ ಕಿಟಕಿಯ ಮರದ ಕದವನ್ನು ನೋಡದೆ ಎಳೆದಿದ್ದ. ಅಂದಿನಿಂದ ಅದು ಒಳಕ್ಕೆ ಬಾಗಿಯೇ ಇತ್ತು. ಚಿಗುಸಾ ನಕ್ಕಳು. ನುಕಾಗಾ ಬೇಕಾಗಿದ್ದ. ಬೆಳಗಿನಿಂದ ಅವಳು ಜಾಲಂದ್ರದ ಮುಂದೆಯೇ ಇದ್ದಳೆಂದು ಹೇಳಲು ಒಬ್ಬ ಬೇಕು. ಮಾತುಗಾರನಾದರೆ ಇನ್ನೂ ಒಳ್ಳೆಯದು.

ಅವನು ಏಣಿ ಇಳಿದು ಹಿತ್ತಲಿಗೆ ಹೋದ ಹೊತ್ತು ನೋಡಿ ಅವಳು ಒಳಗೆ ಬಂದಳು. ಒದ್ದೆಯಾಗಿ ತೊಟ್ಟಿಕ್ಕುತ್ತಿದ್ದ ನೂಲಿನ ಕೈಗವಸುಗಳನ್ನು ಕಳಚಿ ಹೊಸ್ತಿಲ ಹೊರಗೇ ಬಿಟ್ಟಳು. ಮೆಟ್ಟಿಲ ಬುಡದ ಬೆಳಕಿನಲ್ಲಿ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಕೆಂಪಿನ ಕುರುಹೂ ಇಲ್ಲ. ಚರ್ಮ ಸ್ವಲ್ಪ ಬಿಗಿದಂತಿತ್ತು, ಅಷ್ಟೆ. ಕೈ ತೊಳೆಯಬೇಕೇ ಎಂದು ಒಂದು ಕ್ಷಣ ಯೋಚಿಸಿ, ಬೇಡವೆಂದುಕೊಂಡಳು. ಕಿರಿ ಮರಕ್ಕೆ ಒದ್ದೆ ಕೈ ಆಗದು, ಕಲೆ ನಿಲ್ಲುತ್ತದೆ. ಇಂಥ ಸಣ್ಣ ವಿಷಯಗಳಲ್ಲೇ ಜನ ಸಿಕ್ಕಿಬೀಳುವುದು.

ಮುಚ್ಚಳ ನಿಟ್ಟುಸಿರು ಬಿಟ್ಟಂತೆ ಮೇಲೆ ಬಂತು. ರಾಣಿಯ ಮುಖಕ್ಕೆ ಸುತ್ತಿದ್ದ ತೆಳು ಕಾಗದವನ್ನು ಅವಳು ಹಾಗೆಯೇ ಬಿಡಲಿಲ್ಲ. ಎರಡು ಉಗುರುಗಳಿಂದ ಬಿಚ್ಚಿ ಒಮ್ಮೆ ನೋಡಿದಳು. ಒಂದೆಳೆ ಕೆಳಗಿದ್ದ ಎಡಗಣ್ಣು ಅವಳನ್ನು ನೋಡಿತು. "ಬಾಮ್ಮ" ಎಂದಳು ಚಿಗುಸಾ, ಅದು ತನ್ನ ಯೋಜನೆಯಲ್ಲಿರಲಿಲ್ಲವಾದರೂ.

ಬೆರಳಿನ ಜಿಡ್ಡು ತಾಗಿದರೆ ಆ ಬಿಳಿ ಮುಖ ಹಾಳಾಗುತ್ತದೆ. ಅದಕ್ಕಾಗಿ ತಂದಿದ್ದ ಮೃದು ಕಾಗದದಲ್ಲಿ ಹಿಡಿದೇ ತಲೆಯನ್ನು ಎಳೆದಳು, ಮುಖಕ್ಕೆ ಉಸಿರನ್ನೂ ತಾಗಿಸದೆ ಡಬ್ಬಿಗೆ ಇಳಿಸಿದಳು. ಹೊಸ ತಲೆ ಹಳೆಯ ಕುತ್ತಿಗೆಯಲ್ಲಿ ಕೂತಿತು. ಕಾಗದ ಮೊದಲಿನಂತೆಯೇ ಸುತ್ತಿದಳು. ಮಡಿಕೆಗಳೂ ಅವೇ.

ಮುಚ್ಚಳ ಇಟ್ಟಳು. ಒಳ್ಳೆಯ ಕಿರಿ ಪೆಟ್ಟಿಗೆಯ ಮುಚ್ಚಳವನ್ನು ಒತ್ತಬಾರದು. ಒಳಗಿನ ಗಾಳಿ ಹೋದಂತೆ ತಾನೇ ನಿಧಾನವಾಗಿ ಇಳಿಯುತ್ತದೆ. ಅದು ಇಳಿಯುತ್ತಿರುವಾಗ ಹೊರಗೆ ನುಕಾಗಾನ ಏಣಿ ಮತ್ತೆ ಗೋಡೆಗೆ ತಾಗಿದ ಸದ್ದು ಕೇಳಿಸಿತು. ಚಿಗುಸಾ ಅಂಗೈ ಊರಿ ಮುಚ್ಚಳವನ್ನು ಕೂರಿಸಿದಳು. ಬಗ್ಗಿ, ಕಿಟಕಿಯ ಬೆಳಕಿಗೆ ಓರೆಯಾಗಿ ನೋಡಿದಳು. ಮುಚ್ಚಳ ಮೊದಲಿನಷ್ಟೇ ಬಿಳುಪಾಗಿತ್ತು.

ನುಕಾಗಾ ಏಣಿ ಹತ್ತಿದಾಗ ಅವಳು ಜಾಲಂದ್ರದ ಕೆಳಗಿನ ಪಟ್ಟಿಗೆ ಬ್ರಷ್ ಎಳೆಯುತ್ತಿದ್ದಳು.

ಮಳೆ ಬಂತು, ಮಳೆ ನಿಂತು ಬೇಸಿಗೆ ಬಂತು, ಮೇಪಲ್ ಎಲೆ ಕೆಂಪಾಗಿ ಉದುರಿತು. ಅಮ್ಮನ ಮುಖ ಚಿಗುಸಾಳ ಮನೆಯ ಬಟ್ಟೆ ಬೀರುವಿನ ಮೇಲಿನ ಗೂಡಿನಲ್ಲಿತ್ತು. ಬೆಳಗಿನ ಚಹಾ ಮಾಡಿದ ಮೇಲೆ ಅವಳು ಆ ಬಾಗಿಲು ತೆರೆದು, ಅಂದು ಮಾಡಬೇಕಾದ ಕೆಲಸಗಳನ್ನು ಅದಕ್ಕೆ ಹೇಳುತ್ತಿದ್ದಳು. ಉತ್ತರ ಬರುತ್ತಿರಲಿಲ್ಲ, ಅಮ್ಮ ಬದುಕಿದ್ದಾಗಲೂ ಹೆಚ್ಚು ಮಾತಾಡುತ್ತಿರಲಿಲ್ಲ. ಅತ್ತಿಗೆಯ ಜಾಲಂದ್ರ ಹೊಸ ವರ್ಷದ ಹೊತ್ತಿಗೆ ಗಾಢ ಕಂದಾಯಿತು. ದಾರಿಹೋಕರು ನಿಂತು ಫೋಟೋ ತೆಗೆದರು. ಚಿಗುಸಾಳಿಗೆ ಸಂತೋಷವಾಯಿತು. ಎರಡು ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿದ್ದಳು.

ಫೆಬ್ರವರಿಯಲ್ಲಿ ಫುಸಾಯೊ ಫೋನ್ ಮಾಡಿದಳು. ಗೊಂಬೆ ಕೂರಿಸಬೇಕು, ಮೊಣಕಾಲು ನೋವು, ಅತಿಥಿಗಳಿಗಿಂತ ಮುಂಚೆ ಬಾ ಎಂದಳು. ಅತ್ತಿಗೆ ಸಹಾಯ ಕೇಳಿದ್ದು ಇದೇ ಮೊದಲು. ಸೋತವರನ್ನು ಮೃದುವಾಗಿ ನೋಡಿಕೊಳ್ಳಬೇಕು ಎಂದುಕೊಂಡು ಚಿಗುಸಾ ಅಕ್ಕಿಯ ಸಿಹಿ ಕಟ್ಟಿಸಿಕೊಂಡು ಹೋದಳು.

ಮಹಡಿಯ ಕೋಣೆಯಲ್ಲಿ ಅಣ್ಣ ಶಿಗೆಟೊ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಪೆಟ್ಟಿಗೆ ಚಾಪೆಯ ನಡುವೆ ಇತ್ತು, ಮೇಲೆ ಬಟ್ಟೆ ಹೊದಿಸಿತ್ತು. ಫುಸಾಯೊ ಕನ್ನಡಕ ಹಾಕಿಕೊಂಡಿದ್ದಳು.

"ಈ ಸಲ ನೀನೇ ತೆಗೆಯಮ್ಮ" ಎಂದಳು. "ನಿನ್ನ ಕೈಗೆ ರೂಢಿ ಇದೆಯಲ್ಲ."

"ನಾನು ಯಾವತ್ತು ತೆಗೆದಿದ್ದೀನಿ ಅತ್ತಿಗೆ? ನೀವು ಮುಟ್ಟೋಕೇ ಬಿಡಲ್ಲ."

"ನಾನೂ ಹಾಗೇ ಅಂದ್ಕೊಂಡಿದ್ದೆ. ಅಲ್ವೇನ್ರಿ?"

ಅಣ್ಣ ಚಹಾದೊಳಗೆ ನೋಡಿದ.

"ಆಗಸ್ಟಿನಲ್ಲಿ ನೆರಳು ಬಿದ್ದಿದೆ ಅಂದ್ಕೊಂಡೆ" ಎಂದಳು ಫುಸಾಯೊ, ಬಟ್ಟೆಯ ತುದಿ ಹಿಡಿದು. "ಒರೆಸಿದೆ, ಹೋಗಲಿಲ್ಲ. ಅಕ್ಟೋಬರಿನಲ್ಲಿ ಇವರನ್ನ ಕರೆದು ತೋರಿಸಿದೆ. ಆಮೇಲೆ ನೀನು ಹೇಳಿದ್ದು ನೆನಪಾಯ್ತು. ಹಬ್ಬದ ಹೊತ್ತಿಗೆ ನೋಡಿ ಅಂದಿದ್ದೆಯಲ್ಲ, ಕಾದೆ."

ಅವಳು ಬಟ್ಟೆ ಎಳೆದಳು. ಬೇಸಿಗೆ, ಶರತ್ಕಾಲ, ಚಳಿಗಾಲ ಮೂರರ ಬಿಸಿಲನ್ನೂ ಕುಡಿದ ಬಿಳಿ ಮುಚ್ಚಳದ ನಟ್ಟನಡುವೆ ಒಂದು ಬಲಗೈ ಇತ್ತು. ಅಂಗೈ, ಹೆಬ್ಬೆರಳು, ಮೂರು ಬೆರಳುಗಳು ಗೆರೆ ಗೆರೆಯಾಗಿ ಮೂಡಿದ್ದವು. ಉಂಗುರದ ಬೆರಳಿರಬೇಕಾದಲ್ಲಿ, ಬುಡದ ಬಳಿ ಬಾಗಿದ ತುದಿ ತಾಗಿದ ಒಂದು ಚುಕ್ಕೆ ಬಿಟ್ಟರೆ ಬರೀ ಮರ. ಬಣ್ಣ ಎಲ್ಲಿಯೂ ಮಾಸಲಾಗಿರಲಿಲ್ಲ, ಎಲ್ಲಿಯೂ ಹರಡಿರಲಿಲ್ಲ. ಹೊರಗಿನ ಜಾಲಂದ್ರದ್ದೇ ಕಂದು. ತರಗತಿಯಲ್ಲಿ ಹೊಸಬರಿಗೆ ತೋರಿಸಲು ಚಿಗುಸಾ ಇಷ್ಟು ವರ್ಷ ಹುಡುಕುತ್ತಿದ್ದದ್ದು ಇಂಥದೇ ಒಂದು ಮಾದರಿಯನ್ನು.