ಮೆಣಸಿನಕಾಯಿ ಮುಟ್ಟದ ಕಳ್ಳ

ಬಾಗಿಲಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಒಳಗೆ ಮೇಜಿನ ಮೇಲೆ ಹರವಿಟ್ಟಿದ್ದ ನಲವತ್ತು ಚಿತ್ರಗಳಲ್ಲಿ ಹನ್ನೆರಡು ಮಾಯ!

ಬಾದಾಮಿಯ ಗುಡ್ಡದ ಬುಡದಲ್ಲಿ ನಮ್ಮ ಬಾಡಿಗೆ ಮನೆ. ಮಂಗಗಳು ಚಿತ್ರ ನೋಡಿ ವಸ್ತುವನ್ನು ಗುರುತಿಸುತ್ತವೆಯೇ? ತಿನ್ನುವುದು, ತಿನ್ನದ್ದು ಎಂದು ಬೇರ್ಪಡಿಸುತ್ತವೆಯೇ? ಇದು ವಿಜಯೀಂದ್ರ ಸರ್ ಅವರ ಸಂಶೋಧನೆ. ನಾನು ಶಿರೀಷ, ಅವರ ಸಹಾಯಕ. ಚಿತ್ರಗಳು ಹಿಂದಿನ ದಿನವಷ್ಟೇ ಬಾಗಲಕೋಟೆಯಲ್ಲಿ ಅಚ್ಚಾಗಿ ಬಂದಿದ್ದವು. ಒಂದು ಮಂಗವೂ ಅವನ್ನು ಕಂಡಿರಲಿಲ್ಲ.

ಬೀಗದ ಕೈ ಇದ್ದದ್ದು ಸರ್ ಅವರ ಹಳೆಯ ಕಾವಲುಗಾರ ನಜೀರಸಾಬರ ಹತ್ತಿರ. ಸಂಜೆಯೊಳಗೆ ಚಿತ್ರ ಸಿಗದಿದ್ದರೆ ಕೆಲಸ ಬಿಡಬೇಕೆಂದು ಸರ್ ಹೇಳಿಯೇಬಿಟ್ಟರು. ನಜೀರಸಾಬರು ತಲೆ ತಗ್ಗಿಸಿ ನಿಂತರು. ನನಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯ ಸಾವಿತ್ರೆವ್ವನನ್ನು ಕರೆತಂದೆ. ಆಕೆ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಕಳ್ಳನ ಚಪ್ಪಲಿ ನೋಡಿ ಅವನ ಊರು ಹೇಳುವಾಕೆ.

ಕಿಟಕಿಗೆ ಚಿಲಕ ಹಾಕಿರಲಿಲ್ಲ. ಮಂಗ ಬಂದಿರಬಹುದಲ್ಲ ಎಂದು ಆಕೆ ಕೇಳಿದರೆ ಸರ್ ನಕ್ಕುಬಿಟ್ಟರು. ಮಂಗವಾದರೆ ಎಲ್ಲ ಹರಿದು ಚೆಲ್ಲುತ್ತಿತ್ತು; ಇದು ಆರಿಸಿ ಮಾಡಿದ ಕಳ್ಳತನ, ಮನುಷ್ಯನದೇ ಬುದ್ಧಿ ಎಂದರು.

"ಹೋಗಿದ್ದು ಯಾವ್ಯಾವು?" ಸಾವಿತ್ರೆವ್ವ ಕೇಳಿದಳು.

ನಾನು ಪಟ್ಟಿ ನೋಡಿದೆ. "ತಿನ್ನೂವು ಎಲ್ಲಾ ಹೋಗ್ಯಾವ್ರಿ — ಬಾಳೆಹಣ್ಣು, ಪೇರಲ, ಶೇಂಗಾ... ಮೆಣಸಿನಕಾಯಿ ಒಂದ ಉಳದೈತಿ. ತಿನ್ನದವುಗಳಾಗ ಹೋಗಿದ್ದು ಪ್ಲಾಸ್ಟಿಕ್ ಚೀಲದ ಚಿತ್ರ ಒಂದ."

ಆಕೆ ಸರ್ ಕಡೆ ತಿರುಗಿದಳು.

"ಪಟ್ಟಿ ನಿಮ್ದು, ಆರಿಸಿದ್ದು ಬ್ಯಾರೆಯವರು. ನಜೀರಸಾಬ ದಿನಾ ರೊಟ್ಟಿ ಜೋಡಿ ಮೆಣಸಿನಕಾಯಿ ಕಡಕೊಂಡು ತಿಂತಾನ. ಅವಂಗ ಅದು ತಿನ್ನೂದ. ಮೆಣಸಿನಕಾಯಿ ಮುಟ್ಟದವರು, ಚೀಲ ಕಂಡ್ರ ಒಳಗ ತಿನಸು ಐತಿ ಅನ್ನಾವರು ಯಾರ್ರಿ? ಗುಹೆ ಮೆಟ್ಟಲಮ್ಯಾಲ ಮಂದಿ ಕೈಯಾಗಿನ ಚೀಲ ಕಸಗೊಳ್ಳಾವರು ಯಾರು?"

ಸರ್ ಕಿಟಕಿಯಿಂದ ಹೊರಗೆ ಇಣುಕಿದರು.

ಹಿತ್ತಲಿಗೆ ಓಡಿದೆವು. ಬಂಡೆಯ ಮೇಲೆ ಬಾಳೆಹಣ್ಣಿನ ಚಿತ್ರ ಬಿದ್ದಿತ್ತು, ಅಂಚಿನಲ್ಲಿ ಹಲ್ಲಿನ ಗುರುತು. ಅದರಾಚೆ ಹೆಣ್ಣು ಮಂಗವೊಂದು ಚೀಲದ ಚಿತ್ರವನ್ನು ಉಗುರಿನಿಂದ ಬಿಡಿಸಲು ನೋಡುತ್ತಿತ್ತು. ಆಗದಿದ್ದಾಗ ತಿರುವಿ ಹಿಂಬದಿ ನೋಡಿತು. ಎಂಥ ಜಾಣೆ! ನನಗೆ ಕೈಮುಗಿಯಬೇಕೆನಿಸಿತು. ನಾವು ತಿಂಗಳುಗಟ್ಟಲೆ ಕೇಳುತ್ತಿದ್ದ ಪ್ರಶ್ನೆಗೆ ಈ ಕಳ್ಳಿ ಒಂದೇ ಬೆಳಗ್ಗೆ ಉತ್ತರ ಕೊಟ್ಟಿದ್ದಳು, ಅದೂ ತನ್ನದೇ ಪಟ್ಟಿ ಮಾಡಿಕೊಂಡು. ಸರ್ ಕಣ್ಣಲ್ಲಿ ನೀರಾಡಿತು.

ಆಮೇಲೆ ಅವರು ನಜೀರಸಾಬರ ಎದುರು ನಿಂತು ತಪ್ಪಾಯಿತೆಂದರು.

ನಜೀರಸಾಬರು ಮಂಗದ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಅದು ಬರೇ ಚಿತ್ರಾ ನೋಡಿ ಗುರ್ತ ಹಿಡೀತ್ರಿ, ಸರ್. ನೀವು ಒಂಬತ್ತು ವರ್ಷ ನನ್ನ ಮಾರಿ ನೋಡೀರಿ."